ಹಾರ ಹಾಕಿದ ಕಾವಿನ ಪೆಟ್ಟಿಗೆ

೧೯೭೧ರಲ್ಲಿ ನಾನು ಶಾಲೆ ಬಿಟ್ಟೆ. ಮಿರಜದ ಹತ್ತಿರದ ನಮ್ಮ ಊರು ಆರಗದ ಶಾಲೆಯಲ್ಲಿ ಏಳನೆಯ ಇಯತ್ತೆ ಅರ್ಧಕ್ಕೆ ನಿಂತಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮ ಗಣಿತದ ಮಾಸ್ತರರದು ಒಂದು ಪದ್ಧತಿ ಇತ್ತು. ತಪ್ಪು ಉತ್ತರ ಹೇಳಿದವನಿಗೆ ಒಂದು ಏಟು, "ಗೊತ್ತಿಲ್ಲರಿ" ಎಂದವನಿಗೆ ಎರಡು. ಜಾಣ ಹುಡುಗರು ಬಾಯಿಗೆ ಬಂದ ಅಂಕಿ ಹೇಳಿ ಒಂದು ಏಟಿನಲ್ಲಿ ಪಾರಾಗುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನನ್ನ ಸ್ವಭಾವ, ಹಾಗಾಗಿ ನನಗೆ ಪ್ರತಿ ಸಲ ಎರಡು ಬೀಳುತ್ತಿದ್ದವು. ಒಂದು ದಿನ ಪಾಟಿಚೀಲ ಮನೆಯಲ್ಲಿ ಇಟ್ಟು, ಮಿರಜದ ಬಸ್ಸು ಹತ್ತಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಸೇರಿಕೊಂಡೆ.

ಮುಂದೆ ಕುಪವಾಡ ಎಂಐಡಿಸಿಯ ಕಾರಖಾನೆಯಲ್ಲಿ ಲೇಥ್ ಮಷೀನು ಓಡಿಸಿದೆ, ವೆಲ್ಡಿಂಗ್ ಕಲಿತೆ, ಮೋಟರು ಸುತ್ತಲು ಕಲಿತೆ. ಆಮೇಲೆ ಮಿರಜದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ದುರಸ್ತಿ ಕೆಲಸಕ್ಕೆ ನಿಂತು, ಅಲ್ಲೇ ನಿವೃತ್ತನಾದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಪಂಪು, ಲಿಫ್ಟು, ಬಾಯ್ಲರು, ಆಪರೇಶನ್ ಟೇಬಲ್ಲು, ಸ್ಟ್ರೆಚರಿನ ಗಾಲಿ, ಎಲ್ಲ ನನ್ನ ಕೈಯಲ್ಲಿದ್ದವು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ? ನಾನು ಮಾಡಿದ ಕೆಲಸವನ್ನು ಇನ್ನೊಬ್ಬ ಬಂದು ಮತ್ತೆ ಮಾಡಿದ ಉದಾಹರಣೆ ಇಲ್ಲ.

ಈಗ ಈ ಕೆಲಸಕ್ಕೆ ಡಿಪ್ಲೊಮಾ ಮಾಡಿದ ಹುಡುಗರು ಬರುತ್ತಾರೆ. ಕೈಯಲ್ಲಿ ಮೀಟರು, ಕಿಸೆಯಲ್ಲಿ ಮೊಬೈಲು. ಮಷೀನು ಹೇಗೆ ಕೆಡುತ್ತದೆ ಎಂದು ಅವರಿಗೆ ಪುಸ್ತಕದಲ್ಲಿ ಕಲಿಸಿರುತ್ತಾರೆ. ಕೆಟ್ಟ ಮಷೀನನ್ನು ಹತ್ತು ಜನ ಸೇರಿ ಹೇಗೆ ಮುಚ್ಚಿಡುತ್ತಾರೆ ಎಂಬುದನ್ನು ಯಾರೂ ಕಲಿಸುವುದಿಲ್ಲ. ನಾನು ಅದನ್ನು ಬರೆಯುತ್ತೇನೆ.

ನಮ್ಮಲ್ಲಿ ಒಂದು ನಿಯಮ ಇತ್ತು. ಸಾಮಾನು ಯಾರ ಕೈಯಲ್ಲಿ ಕೆಟ್ಟಿತೋ ಅವರ ಪಗಾರದಲ್ಲಿ ಕಡಿತ. ಹಳೆಯದಾಗಿತ್ತೋ, ತಯಾರಿಯಲ್ಲೇ ದೋಷವಿತ್ತೋ, ಯಾರೂ ವಿಚಾರಿಸುತ್ತಿರಲಿಲ್ಲ. ನಮ್ಮ ಸೆಕ್ರೆಟರಿ ಸಾಹೇಬರು ತೆಳ್ಳಗೆ, ಬೆಳ್ಳಗೆ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಏನೇ ಆದರೂ ಅವರ ಬಾಯಿಂದ ಬರುವ ಮೊದಲ ಮಾತು ಮರಾಠಿಯಲ್ಲಿ ಒಂದೇ ಇತ್ತು: "ಕೋಣಾಚ್ಯಾ ಹಾತಾತ ಹೋತಂ?" ಯಾರ ಕೈಯಲ್ಲಿತ್ತು? ಏನಾಯಿತು, ಹೇಗಾಯಿತು, ರೋಗಿ ಹೇಗಿದ್ದಾನೆ, ಇವೆಲ್ಲ ಆಮೇಲೆ.

ಈ ನಿಯಮ ಎಂಥ ಕೆಲಸ ಮಾಡುತ್ತಿದೆ ಎಂದು ನನಗೆ ಮೊದಲು ಗೊತ್ತಾದದ್ದು ನನಗೇ ಜ್ವರ ಬಂದಾಗ. ಹೆಂಗಸರ ವಾರ್ಡಿನಲ್ಲಿ ಫ್ಯಾನು ಇಳಿಸುತ್ತಿದ್ದೆ, ಮೈ ಕಾದಿತ್ತು. ಅಲ್ಲಿನ ನರ್ಸಿಗೆ, "ಒಂದೀಟು ಜ್ವರಾ ನೋಡವಾ" ಎಂದೆ. ಆಕೆ ಅಂಗೈ ಹಿಂಭಾಗ ನನ್ನ ಹಣೆಗೆ ಇಟ್ಟು, "ನೂರಾ ಒಂದು ಅದ ಮಾಮಾ" ಎಂದಳು.

"ಥರ್ಮಾಮೀಟರ್ ಹಚ್ಚವಾ."

"ಯಾವ ಥರ್ಮಾಮೀಟರ್?" ಎಂದು ನಕ್ಕಳು. ನಾನು ನಗಲಿಲ್ಲ. ಆಗ ತಾನೂ ನಗು ನಿಲ್ಲಿಸಿ, ಡ್ರಾವರು ಎಳೆದು ತೋರಿಸಿದಳು. ಹತ್ತಿಯಲ್ಲಿ ಸುತ್ತಿದ ಗಾಜಿನ ಚೂರುಗಳು. "ಗಣಪತಿ ಹಬ್ಬದಾಗ ಕಡೀದು ಒಡದೈತಿ. ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ನಾವೆಲ್ಲ ಕೈಯಿಂದನ ನೋಡ್ತೇವಿ. ನಮ್ಮ ಕೈ ತಪ್ಪೂದಿಲ್ಲ."

ಆಗ ಹೋಳಿ ಹತ್ತಿರ ಬಂದಿತ್ತು. ಗಣಪತಿಯಿಂದ ಹೋಳಿಯವರೆಗೆ ಆ ವಾರ್ಡಿನಲ್ಲಿ ಥರ್ಮಾಮೀಟರ್ ಇರಲಿಲ್ಲ. ಡಾಕ್ಟರು ಬೆಳಗ್ಗೆ ಬಂದು ತಲೆದಿಂಬಿನ ಬಳಿಯ ಹಾಳೆ ನೋಡುತ್ತಿದ್ದರು, ನೂರಾ ಒಂದು, ತೊಂಬತ್ತೊಂಬತ್ತು ಎಂದು ಓದುತ್ತಿದ್ದರು, ಔಷಧ ಬರೆಯುತ್ತಿದ್ದರು. ನಾನು ಫ್ಯಾನನ್ನು ಅಲ್ಲೇ ನೆಲಕ್ಕೆ ಇಟ್ಟು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಜ್ವರದಿಂದ ಅಲ್ಲ.

೧೯೯೧ರ ನಂತರ ಊರು ಬದಲಾಯಿತು. ಸಾಂಗಲಿ ಮಿರಜ ನಡುವಿನ ರಸ್ತೆಯಲ್ಲಿ ಹೊಲಗಳಿದ್ದ ಕಡೆ ಕಾಲೊನಿಗಳು ಎದ್ದವು. ಹೊಸ ಆಸ್ಪತ್ರೆಗಳು ಹೊಳೆಯುವ ಗಾಜು ಹಾಕಿಕೊಂಡು ನಿಂತವು. ಅಥಣಿ, ರಾಯಬಾಗ, ಜಮಖಂಡಿ ಕಡೆಯ ರೋಗಿಗಳು ರೇಲ್ವೆ ಸ್ಟೇಶನ್ನಿನಲ್ಲಿ ಇಳಿದ ಕೂಡಲೇ ರಿಕ್ಷಾದವರು, "ಯಾವ ದವಾಖಾನಿ? ಛಲೋದಕ್ಕ ಒಯ್ತೇನಿ ಬರ್ರಿ" ಎಂದು ಕೈಹಿಡಿದು ಎಳೆಯುವ ಕಾಲ ಬಂತು. ಕುದಿಸುವ ಸಿರಿಂಜು ಹೋಗಿ ಒಮ್ಮೆ ಚುಚ್ಚಿ ಎಸೆಯುವ ಸಿರಿಂಜು ಬಂತು. ಹೊಸದಾಗಿ ಹಣ ಕಂಡ ವ್ಯಾಪಾರಿಗಳು ಮಷೀನುಗಳನ್ನು ದಾನ ಕೊಡಲು ಸುರುಮಾಡಿದರು.

ದಾನ ಒಳ್ಳೆಯದೇ. ಆದರೆ ಪ್ರತಿ ಮಷೀನಿಗೂ ಒಂದು ಹಿತ್ತಾಳೆ ಫಲಕ ಬರುತ್ತಿತ್ತು. ಇಂಥವರ ಸ್ಮರಣಾರ್ಥ. ತಂದೆಯ ಹೆಸರಿನಲ್ಲಿ ಇಸಿಜಿ, ಚಿಕ್ಕವ್ವನ ಹೆಸರಿನಲ್ಲಿ ಲಿಫ್ಟು. ಫಲಕ ಬಿದ್ದ ಮೇಲೆ ಆ ಮಷೀನು ಮಷೀನಾಗಿ ಉಳಿಯುತ್ತಿರಲಿಲ್ಲ, ಮನೆತನದ ಹಿರಿಯರಾಗಿಬಿಡುತ್ತಿತ್ತು. ಅದು ಕೆಟ್ಟಿದೆ ಎನ್ನುವುದೆಂದರೆ ತೀರಿಹೋದವರನ್ನು ಬೈದ ಹಾಗೆ.

ಇದೇ ಟ್ರಸ್ಟಿನದು ಸಾಂಗಲಿಯಲ್ಲಿ ಒಂದು ಶಾಲೆಯೂ ಇತ್ತು. ಒಂದು ಸಲ ಧ್ವಜದ ಕಂಬದ ರಾಟೆ ಸರಿಮಾಡಲು ಅಲ್ಲಿಗೆ ಕಳಿಸಿದರು. ಕೆಲಸ ಮುಗಿಸಿ ನೀರು ಕುಡಿಯಲು ವರಾಂಡಕ್ಕೆ ಹೋದೆ. ದಾನದಲ್ಲಿ ಬಂದ ತಣ್ಣನೆ ನೀರಿನ ಮಷೀನು, ಫಲಕ ಫಳಫಳ ಹೊಳೆಯುತ್ತಿತ್ತು. ಮುಂದೆ ಮಕ್ಕಳ ಸಾಲು. ನಳಕ್ಕೆ ಕೈ ಹಾಕಲು ಹೋದೆ, ಎರಡು ಜಡೆಯ ಒಂದು ಹುಡುಗಿ, "ಕಾಕಾ, ಥಾಂಬಾ, ಥಾಂಬಾ!" ನಿಲ್ಲಿ, ನಿಲ್ಲಿ, ಎಂದು ಕಿರುಚಿ, ತನ್ನ ಕಟ್ಟಿಗೆಯ ಅಳತೆಪಟ್ಟಿ ನನ್ನ ಕೈಗೆ ಕೊಟ್ಟಳು. ನನಗೆ ತಿಳಿಯಲಿಲ್ಲ. ಆಕೆ ಪಟ್ಟಿಯ ತುದಿಯಿಂದ ನಳದ ಗುಂಡಿ ಒತ್ತಿ ತೋರಿಸಿದಳು. ಸಾಲಿನಲ್ಲಿದ್ದ ಎಲ್ಲ ಮಕ್ಕಳ ಕೈಯಲ್ಲೂ ಒಂದೊಂದು ಪಟ್ಟಿ.

ಪಕ್ಕದಲ್ಲಿದ್ದ ಬಾಯಿಯವರು, ಅಂದರೆ ಟೀಚರು, ಕನ್ನಡದವರೇ. ಮೆಲ್ಲಗೆ ಅಂದರು, "ಕೈಲೆ ಮುಟ್ಟಬ್ಯಾಡ್ರಿ, ಝಣ್ ಅಂತದ. ಮಕ್ಕಳಿಗೆ ನಾವ ಕಲಿಸೇವಿ."

"ಕರೆಂಟು ಹರೀತದ ಅಂತ ಗೊತ್ತಿದ್ದೂ ಕುಡಿಸ್ತೀರಿ?"

"ಹೋದ ವರ್ಷ ಒಬ್ಬ ಸರ್, ದಾನದ ಫ್ಯಾನು ಅಳ್ಳಾಡತೈತಿ ಅಂದಿದ್ರು. ಹೆಡ್ ಮಾಸ್ತರರು ಎಲ್ಲಾರ ಮುಂದ, ನೀವು ಕಲಿಸಾಕ ಬಂದೀರೋ, ತಪಾಸಣಿ ಮಾಡಾಕ ಬಂದೀರೋ ಅಂತ ಕೇಳಿದ್ರು. ಮಕ್ಕಳೆಲ್ಲ ನಕ್ಕರು. ಮತ್ತ ಯಾರರ ಬಾಯಿ ತಗೀತಾರೇನ್ರಿ?"

ನಾನು ಅವತ್ತೇ ಅರ್ಥಿಂಗ್ ತಂತಿ ಸರಿಮಾಡಿದೆ. ಬೆರಳಿನಷ್ಟು ಸಣ್ಣ ಕೆಲಸ. ಹೆಡ್ ಮಾಸ್ತರರು ಕೈ ಮುಗಿದು ಒಂದು ಮಾತು ಕೇಳಿಕೊಂಡರು: "ಮಿಸ್ತ್ರಿ, ಆಫೀಸಿನಾಗ ದುರಸ್ತಿ ಮಾಡಿದೆ ಅನಬ್ಯಾಡ. ಸ್ವಚ್ಛ ಮಾಡಿದೆ ಅನ್ನು." ಮಕ್ಕಳು ಆಮೇಲೂ ಎಷ್ಟೋ ದಿನ ಪಟ್ಟಿಯಿಂದಲೇ ಗುಂಡಿ ಒತ್ತುತ್ತಿದ್ದರಂತೆ.

ಇವೆರಡೂ ಸಣ್ಣವು. ದೊಡ್ಡದು ಇನ್ನು ಮುಂದಿದೆ.

ನಮ್ಮ ಆಸ್ಪತ್ರೆಯ ಕೂಸಿನ ಖೋಲಿಯಲ್ಲಿ ಒಂದು ಕಾವಿನ ಪೆಟ್ಟಿಗೆ ಇತ್ತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಇಡುವ ಗಾಜಿನ ಪೆಟ್ಟಿಗೆ. ಕೆಳಗೆ ಹೀಟರು. ಬೇಕಾದಷ್ಟು ಬಿಸಿಯಾದ ಮೇಲೆ ತಾನಾಗಿ ಆರುವ ಸ್ವಿಚ್ಚು ಒಳಗೆ. ಪಕ್ಕದಲ್ಲಿ ಕೈ ಹಾಕಲು ಎರಡು ದುಂಡನೆಯ ಕಿಂಡಿ. ದಾನ ಕೊಟ್ಟವರು ಆದಗೊಂಡಾ ಕಾಕಾ. ಸಾಂಗಲಿಯಲ್ಲಿ ಅರಿಷಿಣದ ವ್ಯಾಪಾರ, ಟ್ರಸ್ಟಿನ ಹಿರಿಯರು, ಮನೆಮಾತು ನಮ್ಮದೇ ಕನ್ನಡ. ಫಲಕದ ಮೇಲೆ ಅವರ ತಾಯಿ ತಾರಾಬಾಯಿಯವರ ಹೆಸರು. ಪ್ರತಿ ವರ್ಷ ತಾಯಿ ತೀರಿದ ತಿಥಿಗೆ ಕಾಕಾ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಿದ್ದರು. ರೋಗಿಗಳಿಗೆ ಬಾಳೆಹಣ್ಣು ಹಂಚಿ, ಪೆಟ್ಟಿಗೆಗೆ ಚೆಂಡು ಹೂವಿನ ಹಾರ ಹಾಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪೆಟ್ಟಿಗೆಗೆ ಕಂಪನಿಯ ಮೊಹರು ಇದ್ದುದರಿಂದ ನನಗೆ ಬಿಚ್ಚಲು ಅಪ್ಪಣೆ ಇರಲಿಲ್ಲ. ಒಮ್ಮೆ ಪ್ಲಗ್ಗು ಬದಲಿಸಿದ್ದೆ, ಅಷ್ಟೇ.

ಒಂದು ವರ್ಷ ಆ ತಿಥಿಯ ದಿನ, ಮಧ್ಯಾಹ್ನ, ಪೆಟ್ಟಿಗೆಯಲ್ಲಿ ರಾಯಬಾಗದ ಕಡೆಯಿಂದ ಬಂದ ಕೂಲಿಯವರ ಹೆಣ್ಣು ಕೂಸು ಇತ್ತು. ಇನ್ನೂ ಹೆಸರಿಟ್ಟಿರಲಿಲ್ಲ. ಕಾಕಾ ಹಾರ ಹಾಕುತ್ತಿರುವಾಗಲೇ ನರ್ಸುಗಳ ಪಾಳಿ ಬದಲಾಯಿತು. ಹಿರಿಯ ನರ್ಸು ಸುಶೀಲಾ ಸಿಸ್ಟರ್ ಹೋಗುವವರು, ಕಸ್ತೂರಿ ಬರುವವಳು. ಕಸ್ತೂರಿ ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಕುಡಚಿಯ ಹುಡುಗಿ, ತಂದೆ ಇಲ್ಲ, ತಾಯಿ ಮಿರಜದ ಬಾಜಿ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರಿ ನರ್ಸಿಂಗ್ ಓದಿಸಿದ್ದಳು. ಸುಶೀಲಾ ಸಿಸ್ಟರ್ ಆಕೆಯ ಮುಖ ನೋಡಿದರು, ಕಾಕಾನ ಮುಖ ನೋಡಿದರು, ಏನೂ ಹೇಳದೆ ಹೊರಟುಹೋದರು. ಇದು ನನಗೆ ಆಮೇಲೆ ತಿಳಿದದ್ದು.

ಕಾಕಾನ ಕಾರು ಗೇಟು ದಾಟಿ ಸ್ವಲ್ಪ ಹೊತ್ತಾಗಿತ್ತು. ನಾನು ಹೊರಗಿನ ಮೋರಿಯ ಹತ್ತಿರ ಪೈಪು ಕೊರೆಯುತ್ತಿದ್ದೆ. ಒಳಗಿನಿಂದ ಚೀರಿದ ಸದ್ದು ಬಂತು. ಓಡಿದೆ. ಕಸ್ತೂರಿ ಕೂಸನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕೂಸಿನ ಬೆನ್ನು ಕೆಂಪಗೆ, ಒಂದು ಕಡೆ ಗುಳ್ಳೆ ಎದ್ದಿತ್ತು. ಪೆಟ್ಟಿಗೆಯ ಮೇಲಿನ ಚೆಂಡು ಹೂವುಗಳು ಒಲೆಯ ಹತ್ತಿರ ಇಟ್ಟ ಹಾಗೆ ಬಾಡಿ ಸುರುಟಿದ್ದವು. ಹೂವಿನ ವಾಸನೆ ಬದಲಾದದ್ದಕ್ಕೆ ಆಕೆ ತಿರುಗಿ ನೋಡಿದ್ದಂತೆ. ಇಲ್ಲದಿದ್ದರೆ ಕೂಸು ಉಳಿಯುತ್ತಿರಲಿಲ್ಲ.

ಮಕ್ಕಳ ಡಾಕ್ಟರು ಬಂದು ಕೂಸನ್ನು ಎತ್ತಿಕೊಂಡು ಹೋದರು. ಹಿಂದೆಯೇ ಸೆಕ್ರೆಟರಿ ಸಾಹೇಬರು ಬಂದರು. ಸುತ್ತ ನರ್ಸುಗಳು, ಆಯಾಗಳು ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ಕೋಣಾಚ್ಯಾ ಹಾತಾತ ಹೋತಂ?"

"ನನ್ನ ಕೈಯಾಗಿತ್ತರಿ," ಎಂದಳು ಕಸ್ತೂರಿ.

ಮುಗಿಯಿತು. ಕೆಲಸದಿಂದ ತೆಗೆದರು. ನಿಷ್ಕಾಳಜಿಯಿಂದ ಕೂಸು ಸುಟ್ಟಿತು ಎಂದು ಸಾಹೇಬರು ತೀರ್ಮಾನ ಮಾಡಿದರು. ಇನ್ನು ಮಿರಜದ ಯಾವ ಆಸ್ಪತ್ರೆಯೂ ಆಕೆಯನ್ನು ಒಳಗೆ ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ಆಸ್ಪತ್ರೆಗಳ ಊರು, ಆದರೂ ಮಾತು ಒಂದೇ ದಿನದಲ್ಲಿ ಊರು ಸುತ್ತುತ್ತದೆ. ನಾನು ಸಾಹೇಬರಿಗೆ, "ಪೆಟ್ಟಿಗಿ ಬಿಚ್ಚಿ ನೋಡ್ಲೇನ್ರಿ?" ಎಂದೆ. "ಕಂಪನೀ ಮಾಣೂಸ ಯೇಈಲ," ಕಂಪನಿಯ ಮನುಷ್ಯ ಬರುತ್ತಾನೆ, ಎಂದು ಮುಖ ತಿರುಗಿಸಿದರು.

ಕಂಪನಿಯ ಮನುಷ್ಯ ಬರಲಿಲ್ಲ. ಎರಡು ದಿನ ಬಿಟ್ಟು ಕೂಸಿನ ಖೋಲಿಯ ಮುಂದಿನಿಂದ ಹೋಗುವಾಗ ನೋಡುತ್ತೇನೆ, ಫಲಕ ತಿಕ್ಕಿ ಬೆಳಗಿದ್ದಾರೆ, ಪೆಟ್ಟಿಗೆಯ ದೀಪ ಹತ್ತಿದೆ, ಒಳಗೆ ಬೇರೆ ಕೂಸು ಮಲಗಿದೆ. ಒಳಗೆ ನುಗ್ಗಿ ಪ್ಲಗ್ಗು ಕಿತ್ತೆ. ಅಲ್ಲಿದ್ದ ನರ್ಸು ನನ್ನನ್ನು ತಡೆಯಲಿಲ್ಲ. ಕೂಸನ್ನು ಎತ್ತಿ ತಾಯಿಯ ಎದೆಗೆ ಕಟ್ಟಿದಳು. ನರ್ಸು ನಿರಾಳವಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅದೇ ಸಂಜೆ ಕಸ್ತೂರಿ ಬಾಯ್ಲರು ಖೋಲಿಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು.

"ಮಾಮಾ, ಒಂದ ಮಾತು ಹೇಳ್ರಿ. ಪೆಟ್ಟಿಗಿ ಕೆಟ್ಟಿತ್ತೋ, ನನ್ನ ಕೈ ಕೆಟ್ಟಿತ್ತೋ?"

"ಬಿಚ್ಚಿ ನೋಡದ ನಾ ಹ್ಯಾಂಗ ಹೇಳ್ಲಿ?"

"ಹಂಗಾರ ಬಿಚ್ಚಾಕ ಅಪ್ಪಣೆ ಕೊಡುವವರ ಕಡೆ ನಡೀರಿ. ಆದಗೊಂಡಾ ಕಾಕಾನ ಹತ್ರ."

"ಹುಚ್ಚಿದ್ದೀ? ಅವರ ಅವ್ವನ ಪೆಟ್ಟಿಗಿ ಅದು. ನನ್ನ ನೌಕರಿನೂ ಹೋಗ್ತದ."

"ನಂದು ಹೋಗೇ ಬಿಟ್ಟದಲ್ಲರಿ. ನೀವು ಬರದಿದ್ರ ನಾ ಒಬ್ಬಕೀನ ಹೋಗ್ತೇನಿ. ನನಗ ಅವರ ಅಂಗಡಿ ಗೊತ್ತಿಲ್ಲ, ಕೇಳಕೋತ ಹೋಗ್ತೇನಿ."

ಆಕೆ ಹೋಗುವವಳೇ. ಕೊತ್ತಂಬರಿ ಮಾರುವವಳ ಮಗಳು, ಊರೆಲ್ಲ ಕೇಳಿಯಾದರೂ ಹುಡುಕುತ್ತಾಳೆ. ಮರುದಿನ ಬೆಳಗ್ಗೆ ಇಬ್ಬರೂ ಸಿಟಿ ಬಸ್ಸು ಹತ್ತಿದೆವು.

ಕಾಕಾನ ಗೋದಾಮಿನಲ್ಲಿ ಗಾಳಿಯೇ ಹಳದಿ. ಚೀಲ, ತಕ್ಕಡಿ, ಹಮಾಲರ ಹುಬ್ಬು, ಎಲ್ಲದರ ಮೇಲೂ ಅರಿಷಿಣ. ಕಾಕಾನ ಬಿಳಿ ಧೋತರದ ಅಂಚೂ ಹಳದಿ. ನಮ್ಮನ್ನು ಕಂಡು, "ಕುಂದ್ರಿ, ಚಾ ತಗೋರಿ" ಎಂದರು. ಕಸ್ತೂರಿ ಕುಳಿತುಕೊಳ್ಳಲಿಲ್ಲ.

"ಕಾಕಾ, ನಿಮ್ಮ ಅವ್ವನ ಹೆಸರಿನ ಪೆಟ್ಟಿಗ್ಯಾಗ ಕೂಸಿನ ಬೆನ್ನು ಸುಟ್ಟೈತಿ. ನಾ ಸುಟ್ಟೆ ಅಂತ ನನ್ನ ತಗದಾರ. ನಿಮಗ ಗೊತ್ತೈತೇನ್ರಿ?"

ಕಾಕಾನ ಮುಖ ಅವರ ಧೋತರಕ್ಕಿಂತ ಬಿಳುಪಾಯಿತು. ಆಮೇಲೆ ಕೆಂಪಾಯಿತು. "ಏ ಹುಡಿಗಿ! ಯಾರ ಹೆಸರು ತಗೋಳಾಕತ್ತೀದಿ, ಎಚ್ಚರ ಐತೇನು? ಇರುವಿಗೆ ಸಕ್ಕರಿ ಹಾಕದ ಊಟಾ ಮಾಡದಿದ್ದ ಹೆಂಗಸು ನಮ್ಮವ್ವ!"

"ಅದಕ್ಕ ನಿಮಗ ಹೇಳಾಕ ಬಂದೇನ್ರಿ. ಸೆಕ್ರೆಟರಿ ಸಾಹೇಬರಿಗೆ ಹೇಳೂದಿತ್ತಂದ್ರ ಅವರ ಕಡೆ ಹೋಗ್ತಿದ್ದೆ."

ಕಾಕಾ ನನ್ನ ಕಡೆ ನೋಡಿದರು. "ಮಿಸ್ತ್ರಿ, ಖರೇನೇನು?"

"ಗೊತ್ತಿಲ್ಲರಿ," ಎಂದೆ. ಎರಡು ಏಟಿನ ಉತ್ತರ. "ಬಿಚ್ಚಿಲ್ಲ. ಬಿಚ್ಚಬ್ಯಾಡ ಅಂದಾರ."

ಕಾಕಾ ಎದ್ದು, ಚಪ್ಪಲಿ ಮೆಟ್ಟಿ, ಡ್ರೈವರನನ್ನು ಕರೆದರು.

ಆಸ್ಪತ್ರೆಯ ಕೂಸಿನ ಖೋಲಿ. ಪೆಟ್ಟಿಗೆ ಖಾಲಿ. ಕಾಕಾ ಪ್ಲಗ್ಗು ಹಾಕಿಸಿ ಸ್ವಿಚ್ಚು ಒತ್ತಿಸಿದರು. ಸೆಕ್ರೆಟರಿ ಸಾಹೇಬರು ಹಿಂದೆ ಓಡಿಬಂದರು, ಏದುಸಿರು ಬಿಡುತ್ತ. ಸುಶೀಲಾ ಸಿಸ್ಟರ್, ಇಬ್ಬರು ನರ್ಸುಗಳು, ನೀರು ತುಂಬುವ ಆಯಾ, ಮಕ್ಕಳ ಡಾಕ್ಟರು, ಎಲ್ಲರೂ ಬಂದು ಗೋಡೆಗೆ ನಿಂತರು. ಕಾಕಾ ತೋಳು ಮೇಲೆ ಸರಿಸಿ, ಕಿಂಡಿಯಿಂದ ತಮ್ಮ ಕೈ ಒಳಗೆ ಹಾಕಿ, ಅಂಗೈಯನ್ನು ಕೂಸು ಮಲಗುವ ಹಾಸಿನ ಮೇಲೆ ಇಟ್ಟರು.

"ಬೆಚ್ಚಗ ಐತಿ," ಎಂದರು. ಮಾತಿಗೆ ಸುರುಮಾಡಿದರು. ತಾವು ಏಳು ತಿಂಗಳಿಗೆ ಹುಟ್ಟಿದ್ದಂತೆ. ಬೆಕ್ಕಿನ ಮರಿಯಷ್ಟು ಇದ್ದರಂತೆ. ತಾಯಿ ಹಳೆಯ ರೇಶ್ಮೆ ಸೀರೆಯಲ್ಲಿ ಸುತ್ತಿ ಎದೆಯ ಮೇಲೇ ಇಟ್ಟುಕೊಂಡು ಉಳಿಸಿದಳಂತೆ. "ಅದಕ್ಕ ಈ ಪೆಟ್ಟಿಗಿ ಕೊಟ್ಟೆ ನಾ. ಬ್ಯಾರೇ ಏನರ ಕೊಡಬಹುದಿತ್ತು."

ಹೀಟರಿನ ಗುಂಯ್ ಸದ್ದು. ಕಾಕಾನ ಕೈ ಹಾಗೆಯೇ ಇತ್ತು. ಸೆಕ್ರೆಟರಿ ಸಾಹೇಬರು ಮೆಲ್ಲಗೆ ನಕ್ಕು, "ಬಘಾ ಕಾಕಾ, ಕಾಹೀ ನಾಹೀ," ನೋಡಿ, ಏನೂ ಇಲ್ಲ, ಎಂದರು. ಕಸ್ತೂರಿ ನೆಲ ನೋಡುತ್ತಿದ್ದಳು. ಪೆಟ್ಟಿಗೆ ಸರಿ ಇದ್ದರೆ ಈ ಹುಡುಗಿಯ ಬಾಳು ಇಲ್ಲಿಗೆ ಮುಗಿಯಿತು, ನಾನೇ ಕೈಹಿಡಿದು ಕರೆತಂದ ಹಾಗಾಯಿತು.

ಆಗ ಸುಶೀಲಾ ಸಿಸ್ಟರ್ ಅಂದರು: "ಕಾಕಾ, ಕೈ ತಗೀರಿ."

"ಯಾಕ? ಏನ ಬಿಸಿ ಇಲ್ಲಲ್ಲ."

"ಈಗ ಆಗ್ತೈತ್ರಿ. ಒಮ್ಮಿಂದೊಮ್ಮೆಲೆ ಆಗ್ತೈತಿ. ತಗೀರಿ."

ಕಾಕಾ ಕೈ ತೆಗೆಯಲಿಲ್ಲ. ತಲೆ ಮಾತ್ರ ತಿರುಗಿಸಿದರು. "ನಿನಗ ಹ್ಯಾಂಗ ಗೊತ್ತವಾ?"

ಸುಶೀಲಾ ಸಿಸ್ಟರ್ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಇನ್ನೊಬ್ಬ ನರ್ಸು, "ಕಾಕಾ, ತಗೀರಿ, ತಗೀರಿ!" ಎಂದಳು. ಆಯಾ, "ಯಪ್ಪಾ, ಸುಡ್ತೈತೋ!" ಎಂದು ಮುಂದೆ ನುಗ್ಗಿದಳು. ಮಕ್ಕಳ ಡಾಕ್ಟರ ಕೈ, ಅವರಿಗೇ ಗೊತ್ತಿಲ್ಲದೆ, ಗೋಡೆಯ ಸ್ವಿಚ್ಚಿಗೆ ಹೋಗಿ ಆರಿಸಿಬಿಟ್ಟಿತು. ಕಾಕಾ ಕೈ ಹೊರಗೆ ತೆಗೆದರು. ಅಂಗೈ ಕೆಂಪಗಾಗಿತ್ತು.

ಎಲ್ಲರಿಗೂ ಗೊತ್ತಿತ್ತು! ಯಾವಾಗ ಬಿಸಿ ಏರುತ್ತದೆ ಎಂಬುದು ಕೂಡ ಗೊತ್ತಿತ್ತು. ನೀರು ತುಂಬುವವಳಿಗೂ ಗೊತ್ತಿತ್ತು, ಎಂಡಿ ಮಾಡಿದ ಡಾಕ್ಟರಿಗೂ ಗೊತ್ತಿತ್ತು.

ಕಾಕಾ ಕೇಳಿದರು, "ಎಷ್ಟ ದಿನದಿಂದ?"

ಸುಶೀಲಾ ಸಿಸ್ಟರ್ ಅಳುತ್ತ ಹೇಳಿದರು. ಪೆಟ್ಟಿಗೆ ಬಂದ ಮೊದಲ ಮಳೆಗಾಲದಿಂದಲೇ ಅದು ತಾನಾಗಿ ಆರುತ್ತಿರಲಿಲ್ಲ. ಹಾಗಾಗಿ ನರ್ಸುಗಳು ಸ್ವಲ್ಪ ಹೊತ್ತು ಹಚ್ಚುವುದು, ಕೈ ಇಟ್ಟು ನೋಡುವುದು, ಆರಿಸುವುದು. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಬಾಯಿಂದ ಬಾಯಿಗೆ ಹೇಳಿ ಹೋಗುವುದು. ಹೊಸಬರು ಬಂದರೆ ಮೊದಲು ಕಲಿಸುವ ಪಾಠ ಇದೇ. "ಕಸ್ತೂರಿಗೆ ಅವತ್ತ ಹೇಳಬೇಕಂತ ಇದ್ದೆನ್ರಿ. ಮೊದಲನೇ ಸಲ ಆ ಖೋಲಿಗೆ ಬಂದಿದ್ಲು. ನೀವು ಹಾರಾ ಹಾಕಿ ಕಣ್ಣ ಮುಚ್ಚಿ ನಿಂತಿದ್ರಿ. ನಿಮ್ಮ ಅವ್ವನ ಮುಂದ ನಿಂತು ಹ್ಯಾಂಗ ಹೇಳ್ಲಿ?"

"ನಾ ಯಾರಿಗರ ಏನರ ಅಂದೇನಿ? ಯಾರಿಗರ ಬೈದೇನಿ?"

ಕಾಕಾ ಯಾರಿಗೂ ಏನೂ ಅಂದಿರಲಿಲ್ಲ. ಅವರಿಗೆ ಯಾರೂ ಏನೂ ಹೇಳಿರಲೂ ಇಲ್ಲ.

ಕಾಕಾ ನನ್ನ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು ತಾವೇ ಫಲಕ ಬಿಚ್ಚಲು ಕುಳಿತರು. ಸುಟ್ಟ ಕೈ, ತಿರುಪಿನ ಗೆರೆಗೆ ತುದಿ ಕೂರುತ್ತಿರಲಿಲ್ಲ. ನಾನು ಕೈ ಚಾಚಿದೆ, ಬೇಡ ಎಂದರು. ಒಂದು ತಿರುಪು ಜಾರಿ ಎಲ್ಲಿಯೋ ಉರುಳಿತು. "ನಮ್ಮವ್ವ ಖರೇನ ಇಲ್ಲಿ ಇದ್ದಿದ್ಲಂದ್ರ ಮೊದಲ ಆಕೀಗೇ ಹೇಳ್ತಿದ್ರಿ ನೀವು," ಎಂದರು, ತಲೆ ಎತ್ತದೆ. "ಆಕಿ ಬೈಯೂಕಿ ಅಲ್ಲ." ಫಲಕ ನನ್ನ ಕೈಗೆ ಕೊಟ್ಟು, "ಇಟಕೋ ಮಿಸ್ತ್ರಿ. ಇದನ್ನ ಎಲ್ಲಿಯೂ ಮತ್ತ ಬಡೀಬ್ಯಾಡ," ಎಂದು ಹೊರಟುಹೋದರು. ಸೆಕ್ರೆಟರಿ ಸಾಹೇಬರಿಗೆ ಬಾಗಿಲಲ್ಲಿ ಒಂದೇ ಮಾತು ಹೇಳಿದರು: "ಆ ಹುಡಿಗೀನ ಇವತ್ತ ಪಾಳಿಗೆ ಹಚ್ಚು."

ಪೆಟ್ಟಿಗೆ ಬಿಚ್ಚಿದೆ. ತಾನಾಗಿ ಆರುವ ಸ್ವಿಚ್ಚಿನ ಎರಡು ಬಿಲ್ಲೆ ಒಂದಕ್ಕೊಂದು ಅಂಟಿದ್ದವು, ಸಣ್ಣ ಉಗುರಿನಷ್ಟು ವಸ್ತು. ಬಿಡಿಸುವ ಮೊದಲು ಸುಶೀಲಾ ಸಿಸ್ಟರ್‌ಗೆ ಕೇಳಿದೆ, "ಕಾಕಾಗ ಹೇಳಾಕ ಆಗಲಿಲ್ಲ, ಬಿಡ್ರಿ. ನನಗ್ಯಾಕ ಹೇಳಲಿಲ್ಲ?"

"ನಿಮಗ ಹೇಳಿದ್ರ ನೀವು ಸರಿಮಾಡಿ, ಆಫೀಸಿನಾಗ ಹೋಗಿ ಕೆಟ್ಟಿತ್ತು ಅಂತಿದ್ರಿ. ನೀವು ಸುಳ್ಳ ಆಡೂದಿಲ್ಲ ಮಾಮಾ, ಊರಿಗೆಲ್ಲ ಗೊತ್ತು. ಅವರು ಯಾರ ಕೈಯಾಗಿತ್ತು ಅಂತಿದ್ರು. ಸುಳ್ಳ ಆಡೋ ಮಿಸ್ತ್ರಿ ಇದ್ದಿದ್ರ ಎಂದೋ ಹೇಳ್ತಿದ್ದೆವು."

ಇದಕ್ಕಿಂತ ದೊಡ್ಡ ಆಘಾತ ನನಗೆ ಆ ಆಸ್ಪತ್ರೆಯಲ್ಲಿ ಆಗಲಿಲ್ಲ. ನನ್ನ ಸತ್ಯಕ್ಕೆ ನಾನು ಅಷ್ಟು ವರ್ಷ ಹೆಮ್ಮೆಪಟ್ಟಿದ್ದೆ, ಈಗಲೂ ಪಡುತ್ತೇನೆ. ಆದರೆ ಅದೇ ಕಾರಣಕ್ಕೆ ಜನ ನನ್ನ ಹತ್ತಿರ ಬರುತ್ತಿರಲಿಲ್ಲ ಎಂಬುದು ನನ್ನ ತಲೆಗೆ ಎಂದೂ ಬಂದಿರಲಿಲ್ಲ.

ಆಮೇಲೆ ನಾನು ಒಂದು ಪದ್ಧತಿ ತಂದೆ. ಇದು ನನ್ನ ತಲೆಯಿಂದ ಬಂದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಕೆಂಪು ಅರಿವೆಯ ಚಿಂದಿಗಳನ್ನು ಪ್ರತಿ ವಾರ್ಡಿನ ಬಾಗಿಲ ಮೊಳೆಗೆ ಕಟ್ಟಿದೆ. ಯಾವ ಮಷೀನಿನ ಮೇಲೆ ಸಂಶಯ ಬಂದರೂ ಯಾರು ಬೇಕಾದರೂ ಒಂದು ಚಿಂದಿ ಕಟ್ಟಬಹುದು. ಕಟ್ಟಿದವರು ಯಾರು ಎಂದು ಕೇಳಬಾರದು. ನಾನೂ ಕೇಳಬಾರದು, ಸಾಹೇಬರೂ ಕೇಳಬಾರದು. ಕಾಕಾ ಟ್ರಸ್ಟಿನ ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಕೊಡಿಸಿದರು, ಪಗಾರದ ಕಡಿತವೂ ಹೋಯಿತು. ಸೆಕ್ರೆಟರಿ ಸಾಹೇಬರು ಮಾತ್ರ, ಎಲ್ಲರೂ ಬೇಕೆಂದೇ ಮುರಿಯುತ್ತಾರೆ ನೋಡಿ ಎಂದು ಭವಿಷ್ಯ ಹೇಳಿದರು.

ಮೊದಲ ವಾರದಲ್ಲೇ ಆಸ್ಪತ್ರೆ ಮದುವೆ ಮನೆಯ ಹಾಗೆ ಕಂಡಿತು. ಲಿಫ್ಟಿನ ಬಾಗಿಲಿಗೆ ಕೆಂಪು, ಸ್ಟ್ರೆಚರುಗಳಿಗೆ ಕೆಂಪು, ಕಫ ಎಳೆಯುವ ಮಷೀನಿಗೆ ಕೆಂಪು, ಆಕ್ಸಿಜನ್ ಟ್ರಾಲಿಗೆ ಎರಡು ಕಡೆ ಕೆಂಪು. ಹೊಸದಾಗಿ ಯಾರೂ ಏನನ್ನೂ ಮುರಿದಿರಲಿಲ್ಲ. ಇಷ್ಟು ದಿನ ನಾವು ಈ ಮುರಿದ ಸಾಮಾನಿನ ನಡುವೆಯೇ ರೋಗಿಗಳನ್ನು ಮಲಗಿಸಿದ್ದೆವು! ಎಲ್ಲ ದುರಸ್ತಿ ಮಾಡಲು ಮಳೆಗಾಲ ಮುಗಿಯಿತು. ನಾನು ಕೆಲಸಕ್ಕೆ ಎಂದೂ ಹಿಂಜರಿದವನಲ್ಲ.

ಕಸ್ತೂರಿ ಅಲ್ಲೇ ದುಡಿದಳು, ಮುಂದೆ ಕೂಸಿನ ಖೋಲಿಯ ಮುಖ್ಯ ನರ್ಸಾದಳು. ಆಕೆಯ ಕೈಕೆಳಗಿನ ಹೊಸ ನರ್ಸುಗಳಿಗೆ ಮೊದಲ ದಿನ ಒಂದೇ ಪ್ರಶ್ನೆ: "ಇಲ್ಲಿ ಏನ ಕೆಟ್ಟೈತಿ ಹೇಳ್ರಿ." ಏನೂ ಇಲ್ಲ ಎಂದವರಿಗೆ, "ಇನ್ನೊಮ್ಮೆ ನೋಡಿ ಬರ್ರಿ" ಎನ್ನುತ್ತಿದ್ದಳು.

ಇದೇ ಪದ್ಧತಿಯನ್ನು ಕಾಕಾ ಶಾಲೆಗೂ ಕೊಟ್ಟರು. ನಾನೇ ಹೋಗಿ ವರ್ಗ ವರ್ಗಕ್ಕೆ ಚಿಂದಿ ಹಂಚಿ ಹೇಳಿಕೊಟ್ಟೆ. ಮಕ್ಕಳು ಬೆಂಚು, ಕಿಟಕಿ, ನಳಕ್ಕೆ ಕಟ್ಟುತ್ತಾರೆ ಎಂದುಕೊಂಡಿದ್ದೆ. ಮರುದಿನವೇ ಹೆಡ್ ಮಾಸ್ತರರ ಫೋನು ಬಂತು, ಕೂಡಲೇ ಬಾ ಎಂದರು. ಓಡಿದೆ. ಆಫೀಸಿನ ಮೇಜಿನ ಮೇಲೆ ಮಾಸ್ತರರ ಬೆತ್ತ ಇತ್ತು. ಅದಕ್ಕೆ ತುದಿಯಿಂದ ಹಿಡಿಕೆಯವರೆಗೆ ಕೆಂಪು ಚಿಂದಿ ಕಟ್ಟಿದ್ದರು, ಒಂದರ ಮೇಲೊಂದು, ಬೆತ್ತವೇ ಕಾಣದ ಹಾಗೆ.

"ಯಾರು ಕಟ್ಟಿದ್ದು?" ಎಂದು ಹೆಡ್ ಮಾಸ್ತರರು ಕೂಗಿದರು.

"ಸರ್, ಅದೊಂದು ಕೇಳಬಾರದ್ರಿ," ಎಂದೆ.

ಅವರು ಕುಳಿತುಕೊಂಡರು. ನಾನೂ ಅಪ್ಪಣೆ ಇಲ್ಲದೆ ಎದುರಿನ ಕುರ್ಚಿಯಲ್ಲಿ ಕುಳಿತೆ. ಆರಗದ ಎರಡು ಏಟು ನೆನಪಾಗಿ ನನ್ನ ಅಂಗೈ ಚುರುಗುಟ್ಟಿತು. ಅವರು ಬೆತ್ತ ಕೈಗೆ ತೆಗೆದುಕೊಂಡು, "ದುರಸ್ತಿ ಆಗ್ತೈತೇನೋ ಮಿಸ್ತ್ರಿ ಇದು?" ಎಂದು ಕೇಳಿದರು. ಆಗುವುದಿಲ್ಲರಿ ಎಂದೆ. ಬಾಯ್ಲರಿನಲ್ಲಿ ಹಾಕಲು ತೆಗೆದುಕೊಂಡು ಬಂದೆ.

ನನ್ನ ನಂತರ ಬಂದ ಹುಡುಗರು ಈಗ ಕಂಪ್ಯೂಟರಿನಲ್ಲಿ ದೂರು ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಮೊದಲ ಖಾನೆಯೇ ಹೇಳುವವರ ಹೆಸರು. ಕೆಂಪು ಚಿಂದಿಯ ಮೊಳೆಗಳನ್ನು ಬಣ್ಣ ಬಳಿಯುವಾಗ ಕಿತ್ತರಂತೆ. ತಮ್ಮಂದಿರೇ, ಆ ಖಾನೆ ಖಾಲಿ ಬಿಡಲು ಬರುತ್ತದೆಯೋ ನೋಡಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಿರಜದಲ್ಲಿ ಎರಡು ಖೋಲಿಯ ಸ್ವಂತ ಮನೆ. ಹೆಂಡತಿ. ಲಗ್ನವಾದ ಇಬ್ಬರು ಹೆಣ್ಣುಮಕ್ಕಳು. ಒಂದು ಸೈಕಲ್ಲು. ಸ್ಪ್ಯಾನರು, ಸ್ಕ್ರೂಡ್ರೈವರು ತುಂಬಿದ ಒಂದು ಹತ್ಯಾರಿನ ಪೆಟ್ಟಿಗೆ. ನೆಟ್ಟಗಿರುವ ಎರಡು ಕೈ. ಒಂದು ಹಿತ್ತಾಳೆ ಫಲಕ, ಅದರ ಮೂರು ತಿರುಪು. ಫಲಕದ ಮೇಲೆ ಒಂದು ಹೆಸರು ಇದೆ. ಬೆನ್ನು ಸುಟ್ಟ ಕೂಸಿನ ಹೆಸರು ಇಲ್ಲ. ಆಗ ಇನ್ನೂ ಇಟ್ಟಿರಲಿಲ್ಲ.